ಉಗಿಹಳ್ಳದ ಕರಿ ಚೊಂಬು

ನಾನು ಒಂದು ಚೊಂಬು. ನಗು ಬಂದರೆ ಈಗಲೇ ನಕ್ಕುಬಿಡಿ, ಕಾಯುತ್ತೇನೆ. ಕಾಯುವುದು ನನಗೆ ಹೊಸದಲ್ಲ. ಬಾಗಿಲಲ್ಲಿ ಕಾದಿದ್ದೇನೆ, ಒಲೆಯ ಮೇಲೂ ಕಾದಿದ್ದೇನೆ.

ಈ ನಾಡಿನಲ್ಲಿ ಮೋಸ ಹೋದವನ ಕೈಗೆ ಸಿಗುವುದು ಚೊಂಬು. ಗೆದ್ದವರು ಗೆಲ್ಲಿಸಿದವರಿಗೆ ಕೊಡುವುದೂ ಚೊಂಬು. ಯಾರ ಮಾನ ಹೋದರೂ ನನ್ನ ಹೆಸರು ಬರುತ್ತದೆ. ಬಾಯಾರಿದಾಗ ಮಾತ್ರ ಎಲ್ಲರೂ ನನ್ನನ್ನು ಎರಡು ಕೈಯಲ್ಲಿ ಹಿಡಿದು ತಲೆ ಎತ್ತುತ್ತಾರೆ. ಇರಲಿ. ಒಂದು ಬಸ್ಸನ್ನು ಉಳಿಸಿದ ಪಾತ್ರೆ ನಿಮ್ಮ ಅಡುಗೆಮನೆಯಲ್ಲಿ ಇದ್ದರೆ ತೋರಿಸಿ, ಆಮೇಲೆ ಮಾತಾಡೋಣ.

ನಾನು ಹುಟ್ಟಿದ್ದು ಗಡಿಸೀಮೆಯ ಪೇಟೆಯೊಂದರ ತಾಂಬಟರ ಓಣಿಯಲ್ಲಿ. ಮೊದಲು ತಾಮ್ರದ ಒಂದು ಚಪ್ಪಟೆ ತಗಡಾಗಿದ್ದೆ. ಬಾಬುರಾಯ ಎಂಬ ಮುದುಕ ನನ್ನನ್ನು ಬೆಂಕಿಗೆ ಹಿಡಿದ, ಗೂಟದ ಮೇಲೆ ಕೂರಿಸಿದ, ಮೂರು ದಿನ ಬಡಿದ. ಮನುಷ್ಯರಿಗೆ ಕೂತು ತಿಂದರೆ ಹೊಟ್ಟೆ ಬರುತ್ತದೆ, ನನಗೆ ಏಟು ತಿಂದು ಬಂತು. ಕೊನೆಗೆ ಒಳಗೆ ಕಲಾಯಿ ಹಾಕಿ, ಹೊರಗೆ ಹುಣಸೆಹಣ್ಣು ತಿಕ್ಕಿ, ಬೆಳಕಿಗೆ ಹಿಡಿದು, "ಹೋಗಪಾ, ಯಾರ ಮನ್ಯಾಗಾದ್ರೂ ನೀರು ಕುಡಿಸು" ಎಂದ. ಅದೊಂದೇ ಆಶೀರ್ವಾದ ನನಗೆ ಸಿಕ್ಕಿದ್ದು. ಅದು ಸಾಕೂ ಆಯಿತು.

ಆದರೆ ಮೊದಲ ಆರು ವರ್ಷ ನಾನು ಒಂದು ಹನಿ ನೀರನ್ನೂ ಕಾಣಲಿಲ್ಲ. ಮದುವೆಯ ಉಡುಗೊರೆಯಾಗಿದ್ದೆ. ನಮ್ಮ ಕಡೆ ಪಾತ್ರೆಯ ಮೇಲೆ ಉಳಿಯಿಂದ ಚುಕ್ಕೆ ಹೊಡೆದು ಹೆಸರು ಬರೆಸಿ ಕೊಡುತ್ತಾರೆ. ಮೊದಲ ಮದುವೆಯಲ್ಲಿ ಒಬ್ಬ ಮದುಮಗಳ ಹೆಸರು ಬಿತ್ತು. ಅವಳು ನನ್ನನ್ನು ಅಟ್ಟಕ್ಕೇರಿಸಿ, ಎರಡು ವರ್ಷ ಬಿಟ್ಟು ನಾದಿನಿಯ ಮದುವೆಗೆ ಸಾಗಿಸಿದಳು. ಎರಡನೆಯ ಹೆಸರು ಬಿತ್ತು. ಆ ನಾದಿನಿ ಇನ್ನೊಂದು ಮದುವೆಗೆ ಸಾಗಿಸಿದಳು. ಮೂರನೆಯ ಹೆಸರು ಬಾಳವ್ವನದು. ಬಾಳವ್ವ ನನ್ನನ್ನು ಪೆಟ್ಟಿಗೆಯಿಂದ ತೆಗೆದು, ತಿರುಗಿಸಿ ನೋಡಿ, ಮೇಲಿನ ಎರಡು ಹೆಸರು ಓದಿ ನಕ್ಕಳು. "ಇಬ್ಬರನ್ನ ಬಿಟ್ಟು ಬಂದೀ. ನನ್ನ ಬಿಟ್ಟು ಹ್ಯಾಂಗ ಹೋಗ್ತೀ ನೋಡತೇನಿ" ಎಂದು ಅಲ್ಲೇ ಕೊಡದಲ್ಲಿ ಅದ್ದಿದಳು. ಅಂದು ನಾನು ಚೊಂಬಾದೆ.

ಬಾಳವ್ವ ಸೇರಿದ ಊರು ಉಗಿಹಳ್ಳ. ಘಟ್ಟದ ಮಡಿಲಲ್ಲಿ ಮೂವತ್ತೆಂಟು ಮನೆ. ಊರಿನ ಕೆಳಗೆ ಬಂಡೆಗಳ ನಡುವೆ ಮೆಟ್ಟಿಲು ಕಟ್ಟಿದ ಒಂದು ಹೊಂಡ. ತಳದಿಂದ ಬಿಸಿನೀರು ಬುಳುಬುಳು ಎದ್ದು ಬರುತ್ತದೆ. ಯಾರು ಸೌದೆ ಒಟ್ಟಿದರೋ, ಯಾರು ಊದಿದರೋ ಗೊತ್ತಿಲ್ಲ. ನೀರಿಗೆ ಗಂಧಕದ ವಾಸನೆ. ಮೊದಲ ದಿನ ಅದರಲ್ಲಿ ಮುಳುಗಿ ಎದ್ದಾಗ ನನ್ನ ಕೆಂಪು ಮೈ ಕಪ್ಪಾಗಿತ್ತು. ಬಾಳವ್ವ ಹುಣಸೆಹಣ್ಣು ತಿಕ್ಕಿದಳು, ಬೂದಿ ತಿಕ್ಕಿದಳು. ಮರುದಿನ ಮತ್ತೆ ಕಪ್ಪು. ಒಂದು ತಿಂಗಳು ತಿಕ್ಕಿ ಅವಳೇ ಸೋತಳು. ನಾನು ಸೋಲಲಿಲ್ಲ. ಇದು ನನ್ನ ಬಣ್ಣ, ಒಪ್ಪಿಕೊಳ್ಳಿ.

ಹೊಂಡಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ಊರಿನದೊಂದು ನೇಮವಿತ್ತು. ಮೊದಲು ಮಗುವಿನ ಹೆಸರಲ್ಲಿ ಒಂದು ತತ್ತಿಯನ್ನು, ಅಂದರೆ ಮೊಟ್ಟೆಯನ್ನು, ನನ್ನೊಳಗೆ ಇಟ್ಟು, ನೀರು ತುಂಬಿ, ಕೊರಳಿಗೆ ಹಗ್ಗ ಕಟ್ಟಿ ಹೊಂಡಕ್ಕೆ ಇಳಿಬಿಡುವುದು. ಅರ್ಧ ತಾಸಿಗೆ ತತ್ತಿ ಬೇಯುತ್ತದೆ. ಆಮೇಲೆ ಪಕ್ಕದ ಹಳ್ಳದ ತೂಬಿನ ಕಲ್ಲು ಸರಿಸಿ, ಒಂದು ತಾಸು ತಣ್ಣೀರು ಬಿಟ್ಟು ಹೊಂಡವನ್ನು 'ಹದ' ಮಾಡುವುದು. ಹದವಾದ ಮೇಲೆ ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿ ಏಳು ಚೊಂಬು ನೀರು ತಲೆಗೆ ಹೊಯ್ಯುವುದು. ಆರನೆಯ ಚೊಂಬಿಗೆ ಅಳು ನಿಲ್ಲುತ್ತದೆ, ಏಳನೆಯದಕ್ಕೆ "ಇನ್ನೊಂದು" ಎನ್ನುತ್ತದೆ. ನಲವತ್ತು ವರ್ಷ ನೋಡಿದ್ದೇನೆ, ಒಂದು ಮಗುವೂ ಈ ಲೆಕ್ಕ ತಪ್ಪಿಸಿಲ್ಲ.

ಮೂವತ್ತೆಂಟು ಮನೆಗೆ ಯಾರೂ ಬಸ್ಸು ಬಿಡುವುದಿಲ್ಲ. ಆದರೆ 'ಬಿಸಿನೀರಿನ ತಾಣ' ಎಂದು ಯಾವುದೋ ಪಟ್ಟಿಯಲ್ಲಿ ಊರಿನ ಹೆಸರಿತ್ತು. ಹಾಗಾಗಿ ದಿನಕ್ಕೊಂದು ಬಸ್ಸು ಮುಂಜಾನೆ ಹೋಗಿ ಸಂಜೆ ಬರುತ್ತಿತ್ತು. ನೋಡಲು ಬರುವವರು ಭಾನುವಾರ ಬರುತ್ತಿದ್ದರು. ಉಳಿದ ಆರು ದಿನ ಅದರಲ್ಲಿ ಹೋಗುತ್ತಿದ್ದವರು ಊರಿನ ಹತ್ತೊಂಬತ್ತು ಮಕ್ಕಳು. ಹೈಸ್ಕೂಲು ಹದಿನೆಂಟು ಕಿಲೋಮೀಟರ್ ದೂರ, ನಡುವೆ ಕಾಡು. ಬಾಳವ್ವನ ಮೊಮ್ಮಗಳು ಕಸ್ತೂರಿ ಆಗ ಒಂಬತ್ತನೆಯ ಇಯತ್ತೆ. ಉಗಿಹಳ್ಳದಲ್ಲಿ ಅಲ್ಲಿಯವರೆಗೆ ಓದಿದ ಮೊದಲ ಹುಡುಗಿ.

ಒಂದು ಚಳಿಗಾಲ ಸುದ್ದಿ ಬಂತು: ಪಟ್ಟಿ ಪರಿಶೀಲನೆಗೆ ಹೊಸಮನಿ ಎಂಬ ಸಾಹೇಬರು ಬರುತ್ತಾರಂತೆ, ಹೊಂಡ ನೋಡುತ್ತಾರಂತೆ. ಊರಿನ ಹಿರಿಯ ಈರಪ್ಪಜ್ಜನಿಗೆ ನಿದ್ದೆ ಹತ್ತಲಿಲ್ಲ. "ದೊಡ್ಡ ಮನುಷ್ಯಾ ಬರ್ತಾನ. ಕುದಿನೀರಿನ ಮುಂದ ಒಂದು ತಾಸು ಕುಂಡ್ರಸೂದೇನು? ನೀರು ಹದ ಆಗಿ ತಯಾರ ಇರಬೇಕು" ಎಂದು ಹಿಂದಿನ ಸಂಜೆಯೇ ತೂಬು ತೆಗೆಸಿದ. ಸಾಮಾನ್ಯರಿಗೆ ಒಂದು ತಾಸು, ಸಾಹೇಬರಿಗೆ ರಾತ್ರಿಯಿಡೀ. ಪ್ರೀತಿ ಹೆಚ್ಚಾಯಿತು, ನೀರು ಪೆಚ್ಚಾಯಿತು.

ಹೊಸಮನಿ ಸಾಹೇಬರು ಬಂದರು. ಸ್ನಾನ ಮಾಡಿದರು. "ಮಸ್ತ್ ಐತ್ರಿ ನೀರು" ಎಂದರು. ಬಿಸಿ ಅಳೆಯುವ ಒಂದು ಗಾಜಿನ ಕೊಳವೆ ಅದ್ದಿ ನೋಡಿದರು: ಇಪ್ಪತ್ತೊಂಬತ್ತು ಡಿಗ್ರಿ. ಬರೆದುಕೊಂಡರು. ಬಾಳವ್ವ ಕೊಟ್ಟ ಅವಲಕ್ಕಿ ತಿಂದು ಹೋದರು. ತೂಬು ತೆಗೆದದ್ದನ್ನು ಯಾರೂ ಹೇಳಲಿಲ್ಲ. ಅತಿಥಿಗಾಗಿ ಪಟ್ಟ ಶ್ರಮವನ್ನು ಅತಿಥಿಯ ಕಿವಿಗೆ ಹಾಕಬಾರದು ಎಂಬುದು ಉಗಿಹಳ್ಳದ ಇನ್ನೊಂದು ನೇಮ. ಮೈಗೆ ಹಿತವಾದದ್ದೇ ಕಾಗದದ ಮೇಲೆ ಅಹಿತವಾಯಿತು.

ಹದಿನೈದು ದಿನಕ್ಕೆ ಬಸ್ಸಿನ ಚಾಲಕ ಇಮಾಮಸಾಬ್ ಒಂದು ಹಾಳೆ ತಂದ. ಕಸ್ತೂರಿ ಓದಿದಳು: ಸದರಿ ಸ್ಥಳದಲ್ಲಿ ಬಿಸಿನೀರು ಕಂಡುಬಂದಿಲ್ಲ, ಪಟ್ಟಿಯಿಂದ ಕೈಬಿಡಲಾಗಿದೆ, ಬಸ್ಸು ಬರುವ ತಿಂಗಳಿಂದ ಇಲ್ಲ.

ಕಸ್ತೂರಿ ಹಾಳೆ ಮಡಚಿ, ಪಾಟಿಚೀಲವನ್ನು ಗೂಟಕ್ಕೆ ಹಾಕಿದಳು. ಅವಳು ಅದನ್ನು ಗೂಟಕ್ಕೆ ಹಾಕಿದ ರೀತಿಯನ್ನು ನಾನು ಕೆಳಗಿನಿಂದ ನೋಡಿದೆ. ಇನ್ನು ತೆಗೆಯುವುದಿಲ್ಲ ಎನ್ನುವವರು ಹಾಗೆ ಹಾಕುತ್ತಾರೆ.

"ಕಾಗದ ತಣ್ಣಗಾದ್ರ ನೀರು ತಣ್ಣಗಾಗತೈತೇನು?" ಎಂದಳು ಬಾಳವ್ವ. ಶನಿವಾರ ಮುಂಜಾನೆ ನನ್ನ ತುಂಬ ಹೊಂಡದ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಎರಡು ತಾಸಿನ ದಾರಿ. ಪ್ರತಿ ತಿರುವಿಗೂ ನನ್ನ ಬಿಸಿ ಒಂದಿಷ್ಟು ಇಳಿಯುತ್ತಿತ್ತು. ಹೇಳೋಣವೆಂದರೆ ಬಾಯಿಗೆ ಬಟ್ಟೆ. ಹೊಸಮನಿ ಸಾಹೇಬರ ಕಚೇರಿಯ ಮೇಜಿನ ಮೇಲೆ ಕೂತಾಗ ನಾನು ಶುದ್ಧ ತಣ್ಣೀರು.

ಗುಮಾಸ್ತನೊಬ್ಬ ಬೆರಳದ್ದಿ ನಕ್ಕ. "ಮುದುಕಿ ಸಾಹೇಬ್ರಿಗೆ ಚೊಂಬು ತಂದಾಳ ನೋಡ್ರಿ!" ಎಂದ. ಇಡೀ ಕೋಣೆ ನಕ್ಕಿತು. ನಾನು ಕೆಂಪಾಗುತ್ತಿದ್ದೆ, ಕಪ್ಪು ನನ್ನನ್ನು ಕಾಪಾಡಿತು.

ಬಾಳವ್ವ ತೂಬಿನ ಕಥೆ ಹೇಳಿದಳು. ಹೊಸಮನಿ ಹಣೆ ಒತ್ತಿಕೊಂಡರು. "ಯವ್ವಾ, ಬಿಸಿನೀರಿನ ಊರವರೇ ಬಿಸಿನೀರು ತಣ್ಣಗ ಮಾಡಿದ್ರಂತ. ಇದನ್ನ ಯಾವ ಕಾಲಮ್ಮಿನ್ಯಾಗ ಬರೀಲಿ?"

ಶನಿವಾರ ಶಾಲೆ ಅರ್ಧ ದಿನವಾದ್ದರಿಂದ ಅವರ ಇಬ್ಬರು ಮಕ್ಕಳು ಅಲ್ಲೇ ಬೆಂಚಿನ ಮೇಲಿದ್ದರು. ಎಂಟು ವರ್ಷದ ಅನಘಾ ಇಳಿದು ಬಂದು ನನ್ನ ಮೇಲಿನ ಚುಕ್ಕೆಗಳನ್ನು ಓದತೊಡಗಿದಳು. ಬಾಳವ್ವ ಅವಳ ತಲೆ ಸವರಿದಳು. "ನಾಳೆ ಈ ಮಕ್ಕಳನ್ನ ಕರಕೊಂಡು ಬರ್ರಿ ಸಾಹೇಬ್ರ. ನೀರು ತಣ್ಣಗಿತ್ತಂದ್ರ ನಿಮ್ಮ ಬಸ್ಸಿಗೆ ನಾನ ಅಡ್ಡ ನಿಂತು ಹೊಳ್ಳಿಸಿ ಕಳಸ್ತೇನಿ."

"ಅಪ್ಪಾ, ಹೋಗೂಣು" ಎಂದಳು ಅನಘಾ. ಐದು ವರ್ಷದ ತೇಜು ಆಗಲೇ ಬೂಟು ಬಿಚ್ಚುತ್ತಿದ್ದ.

ಭಾನುವಾರ ಬೆಳಕು ಹರಿಯುವ ಮೊದಲೇ ಈರಪ್ಪಜ್ಜ ತೂಬಿನ ಹತ್ತಿರ ಬಂದ. ಕಲ್ಲಿನ ಮೇಲೆ ಬಾಳವ್ವ ಕೂತಿದ್ದಳು. ಅವಳ ಮಡಿಲಲ್ಲಿ ನಾನು, ಕೊರಳಿಗೆ ಆಗಲೇ ತತ್ತಿಯ ಹಗ್ಗ.

"ಏಳಬೇ ಬಾಳವ್ವಾ. ಸಣ್ಣ ಮಕ್ಕಳು ಬರ್ತಾವ. ಹದ ಮಾಡೂದಿಲ್ಲೇನು?"

"ಇಲ್ಲ."

"ಬಂದವರಿಗೆ ಕುದಿನೀರು ತೋರಸೂದು ಪಾಪ ಅಂತ ನಿಮ್ಮತ್ತಿ ಹೇಳತಿದ್ಲು."

"ಪಾಪ ನನ್ನ ತಲಿ ಮ್ಯಾಲ ಇರಲಿ ಮಾವಾ, ಬಸ್ಸು ದಾರಿ ಮ್ಯಾಲ ಇರಲಿ."

ಈರಪ್ಪಜ್ಜ ಗೊಣಗಿದ, ಸುತ್ತಿ ಬಂದ, ಮತ್ತೆ ಗೊಣಗಿದ. ಅವಳು ಏಳಲಿಲ್ಲ. ಆದರೆ ಅವಳ ಬೆರಳುಗಳು ನನ್ನ ಕೊರಳನ್ನು ಬಿಗಿಯಾಗಿ ಹಿಡಿದಿದ್ದವು. ನಲವತ್ತು ವರ್ಷದಲ್ಲಿ ಅವಳು ನೇಮ ಮುರಿದದ್ದು ಅದೇ ಮೊದಲು.

ಜೀಪು ಬಂತು. ಬಾಳವ್ವ ಎದ್ದು, "ಯಾರೂ ಇಳೀಬ್ಯಾಡ್ರಿ, ಮೊದಲ ತತ್ತಿ" ಎನ್ನುತ್ತ ಮೆಟ್ಟಿಲ ಕಡೆ ಹೊರಟಳು. ಹೊಂಡದಿಂದ ಏಳುತ್ತಿದ್ದ ಉಗಿ ನೋಡಿ ಹೊಸಮನಿ ನಕ್ಕರು. "ಹೊಗಿ ಬಂದ್ರ ಬಿಸಿ ಅಂತಲ್ಲ ಯವ್ವಾ. ಚಳಿಗಾಲದಾಗ ನನ್ನ ಬಾಯಾಗೂ ಹೊಗಿ ಬರತೈತಿ." ನೀರು ಉಗುರುಬೆಚ್ಚಗಿದೆ, ಈಜಬಹುದು ಎಂದು ಅವರು ದಾರಿಯುದ್ದಕ್ಕೂ ಮಕ್ಕಳಿಗೆ ಹೇಳಿದ್ದರು. ತೇಜು ನಂಬಿದ್ದ. ಅಪ್ಪನ ಮಾತು ಮುಗಿಯುವ ಮೊದಲೇ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದ.

ಬಾಳವ್ವ ಹತ್ತು ಹೆಜ್ಜೆ ದೂರದಲ್ಲಿದ್ದಳು. ಓಡಿದರೂ ಮುಟ್ಟಲಾಗದ ದೂರ, ಕೂಗಿದರೂ ನಿಲ್ಲದ ಓಟ. ಅವಳು ನನ್ನನ್ನು ಬೀಸಿ ಒಗೆದಳು.

ಠಣ್! ಹುಡುಗನ ಮುಂದಿನ ಮೆಟ್ಟಿಲಿಗೆ ಬಡಿದೆ. ಬಾಬುರಾಯನ ಸಾವಿರ ಏಟು ಒಂದು ಕಡೆ, ಇದೊಂದು ಏಟು ಒಂದು ಕಡೆ. ತೇಜು ಬೆಚ್ಚಿ, ಹಿಂದಕ್ಕೆ ಕುಕ್ಕರಿಸಿ ಬಿದ್ದು, ಗಂಟಲು ಹರಿದುಹೋಗುವಂತೆ ಅತ್ತ. ನಾನು ಉರುಳಿ ಹೊಂಡಕ್ಕೆ ಬಿದ್ದೆ. ಕೊರಳಿನ ಹಗ್ಗ ಮೆಟ್ಟಿಲ ಮೇಲೆ ಉಳಿದಿತ್ತು. ಹೊಸಮನಿ ಓಡಿ ಬಂದು, ಒಂದು ಕೈಯಲ್ಲಿ ಮಗನನ್ನು ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಹಗ್ಗ ಜಗ್ಗಿ ನನ್ನನ್ನು ಹಿಡಿದರು. ಹಿಡಿದವರೇ "ಹಾ!" ಎಂದು ಬಿಟ್ಟರು. ಅಂಗೈ ಕೆಂಪಾಗಿತ್ತು. ಅವರು ತಮ್ಮ ಅಂಗೈ ನೋಡಿಕೊಂಡರು, ಮಗನ ಪುಟ್ಟ ಪಾದ ನೋಡಿದರು, ಮೆಟ್ಟಿಲ ಮೇಲೆ ಕೂತುಬಿಟ್ಟರು.

ಬಾಳವ್ವ ಓಡಿ ಬಂದಳು. "ನನ್ನ ಕೂಸ, ತಪ್ಪಾತು ನಂದು" ಎಂದು ತೇಜುವಿನ ತಲೆ ಹಿಡಿದಳು. ಆಮೇಲೆ ಸಾಹೇಬರತ್ತ ತಿರುಗಿದಳು. ದನಿ ಇಳಿಯಲಿಲ್ಲ. "ಹಾಕ್ರಿ ನಿಮ್ಮ ಕೊಳವಿ."

ಅವರು ಕೊಳವೆ ಹಾಕಿದರು. ಕೆಂಪು ಗೆರೆ ಏರಿತು, ಏರಿತು, ಐವತ್ತಕ್ಕೆ ಗುರುತುಗಳು ಮುಗಿದವು. ಗೆರೆಗೆ ಅದು ಗೊತ್ತಿರಲಿಲ್ಲ, ಇನ್ನೂ ಏರಿತು. ಗಾಜು ಟಪ್ಪೆಂದಿತು.

"ಈಗ ಎಷ್ಟಂತ ಬರೀಲಿ?" ಎಂದರು ಹೊಸಮನಿ, ಯಾರನ್ನೋ ಕೇಳುವಂತೆ.

"ತತ್ತಿ ಇನ್ನೂ ಹಾಕೇ ಇಲ್ಲ" ಎಂದು ನೆನಪಿಸಿದಳು ಅನಘಾ.

ಎರಡು ತತ್ತಿ ಇಟ್ಟು ನನ್ನನ್ನು ಇಳಿಬಿಟ್ಟರು. ನೆಗ್ಗಿದ ಹೊಟ್ಟೆಯಲ್ಲಿ ಎರಡೂ ಒಂದಕ್ಕೊಂದು ಒತ್ತಿ ಕೂತವು. ಅರ್ಧ ತಾಸು ಊರೆಲ್ಲ ಮೆಟ್ಟಿಲ ಮೇಲೆ ನಿಂತು ಹೊಂಡವನ್ನೇ ನೋಡಿತು. ನಾನು ತಳದಲ್ಲಿ ಕುದಿಯುತ್ತ, ಆ ಕಚೇರಿಯ ನಗುವನ್ನು ನೆನೆಸಿಕೊಳ್ಳುತ್ತ, ಒಂದು ಹನಿ ಬಿಸಿಯನ್ನೂ ಹೊರಗೆ ಬಿಡಲಿಲ್ಲ. ಅನಘಾ ಸಿಪ್ಪೆ ಬಿಡಿಸಿದಳು. ಬೆಳ್ಳಗೆ, ಗಟ್ಟಿಯಾಗಿ ಬೆಂದಿತ್ತು. ಅತ್ತು ಮುಗಿಸಿದ ತೇಜು ತನ್ನದನ್ನು ಎರಡೇ ತುತ್ತಿಗೆ ನುಂಗಿ, ಅಕ್ಕನದಕ್ಕೆ ಕೈ ಹಾಕಿದ.

ಹೊಸಮನಿ ಅಲ್ಲೇ ಮೊಣಕಾಲ ಮೇಲೆ ಕಾಗದವಿಟ್ಟು ಬರೆದರು. ಅನಘಾ ಗಟ್ಟಿಯಾಗಿ ಓದಿದಳು: "ಹಿಂದಿನ ವರದಿ ತಪ್ಪು. ಉಷ್ಣತೆ ಐವತ್ತಕ್ಕಿಂತ ಹೆಚ್ಚು. ಮಾಪಕ ಒಡೆದಿದೆ. ತತ್ತಿ ಬೆಂದಿದೆ."

ಆಗ ಬಾಳವ್ವ ತಾನೇ ಹೋಗಿ ತೂಬಿನ ಕಲ್ಲು ಸರಿಸಿದಳು. "ಮಾವಾ, ಈಗ ಹದ ಮಾಡು" ಎಂದಳು. ಈರಪ್ಪಜ್ಜನಿಗೆ ಹೋದ ಜೀವ ಬಂತು. ಒಂದು ತಾಸಿನ ಮೇಲೆ ಇಬ್ಬರು ಮಕ್ಕಳಿಗೂ ಏಳೇಳು ಚೊಂಬು ಹೊಯ್ದಳು. ಏಳನೆಯದಕ್ಕೆ ತೇಜು "ಇನ್ನೊಂದು" ಎಂದ. ಲೆಕ್ಕ ತಪ್ಪಲಿಲ್ಲ.

ತಿಂಗಳ ಮೊದಲ ದಿನ ಬಸ್ಸು ಬಂತು. ಕಸ್ತೂರಿ ಗೂಟದಿಂದ ಚೀಲ ತೆಗೆದುಕೊಂಡು ಹತ್ತಿದಳು.

ಅದಾಗಿ ಹನ್ನೆರಡು ವರ್ಷ. ಆ ನೆಗ್ಗು ಬಿದ್ದಲ್ಲಿ ಸೂಜಿಮೊನೆಯಷ್ಟು ತೂತಾಗಿದೆ, ನೀರು ಬಹಳ ಹೊತ್ತು ನಿಲ್ಲುವುದಿಲ್ಲ. ಬಾಳವ್ವನಿಗೂ ಈಗ ಕೈ ನಡುಗುತ್ತದೆ. ಒಂದು ದಿನ ನನ್ನನ್ನು ಇಮಾಮಸಾಬನ ಕೈಗಿಟ್ಟು, "ಬಸ್ಸಿಗೆ ಇರಲಿ" ಎಂದಳು. ಈಗ ನನ್ನ ಮನೆ ಚಾಲಕನ ಸೀಟಿನ ಕೆಳಗೆ. ಘಟ್ಟದ ತಿರುವಿನಲ್ಲಿ ಬಸ್ಸಿನ ತಲೆ ಕಾಯುತ್ತದೆ, ಉಸ್ ಎಂದು ಉಗಿ ಬಿಡುತ್ತದೆ. ಝರಿಯಿಂದ ನನ್ನಲ್ಲಿ ನೀರು ಹಿಡಿದು, ತೂತಿಗೆ ಹೆಬ್ಬೆರಳು ಒತ್ತಿ, ಇಮಾಮಸಾಬ್ ಓಡಿ ಬಂದು ಹೊಯ್ಯುತ್ತಾನೆ. ಅದಕ್ಕೂ ಕೆಲವೊಮ್ಮೆ ಏಳು ಚೊಂಬು ಬೇಕಾಗುತ್ತದೆ.

ಮೊನ್ನೆ ಪೇಟೆಯ ನಿಲ್ದಾಣದಲ್ಲಿ ಗುಜರಿಯವನೊಬ್ಬ ನನ್ನನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದ. "ಕರ್ರಗಾಗೈತಿ, ನೆಗ್ಗೈತಿ, ತೂತೂ ಐತಿ. ಇದನ್ನ ಇಟಕೊಂಡು ಏನ್ ಮಾಡ್ತೀ ಚಾಚಾ? ಕೊಡು."

"ಇಳಸಪಾ ಕೆಳಗ" ಎಂದ ಇಮಾಮಸಾಬ್. "ಅದು ನಮ್ಮ ಪ್ಯಾಸೆಂಜರು."

ಹೌದು, ನೆಗ್ಗಿದ್ದೇನೆ. ಕುಗ್ಗಿಲ್ಲ. ನಿಮ್ಮ ಕೈಗೂ ಯಾರಾದರೂ ನಕ್ಕು ಚೊಂಬು ಕೊಟ್ಟರೆ ತಲೆ ತಗ್ಗಿಸಬೇಡಿ. ಇಸಿದುಕೊಳ್ಳಿ. ನೀರು ತುಂಬಿ, ಒಂದು ತತ್ತಿ ಹಾಕಿ, ಕುದಿಯುವಲ್ಲಿಗೆ ಇಳಿಬಿಡಿ. ಅರ್ಧ ತಾಸು ಕಾಯಿರಿ.

ಆಮೇಲೆ ಯಾರು ನಗುತ್ತಾರೋ ನೋಡೋಣ.