ಈರುಳ್ಳಿ ಬನ್ನಿನ ಅಜ್ಜಿ

"ಇದನ್ನ ಎಲ್ಲಿ ಅಂಟಿಸ್ಕೋಬೇಕೆ?" ಎಂದು ಅಮ್ಮ ಕೈಯಲ್ಲಿದ್ದ ದುಂಡನೆಯ ಹಳದಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹನ್ನೊಂದು ಮಂದಿ ಪ್ರವಾಸಿಗರು ಆಗಲೇ ತಮ್ಮ ತಮ್ಮ ಚೀಟಿಗಳನ್ನು ಎದೆಗೆ ಅಂಟಿಸಿಕೊಂಡು ಹಳೇ ಊರಿನ ಕೋಟೆ ಬಾಗಿಲ ಕೆಳಗೆ ಆಕಳಿಸುತ್ತ ನಿಂತಿದ್ದರು. ಮಗಳು ಅಮ್ಮನ ಶಾಲಿನ ಅಂಚು ಸರಿಮಾಡಿ, ಚೀಟಿಯನ್ನು ತಾನೇ ಒತ್ತಿ ಅಂಟಿಸಿದಳು. ಪರದೇಶದವರ ಅಕ್ಷರದಲ್ಲಿ ಅದರ ಮೇಲೆ 'ಅತಿಥಿ' ಎಂದು ಬರೆದಿತ್ತು.

"ಏನಂತ ಬರ್ದಿದೆ?"

"ನೆಂಟರು ಅಂತ."

"ಹುಟ್ಟಿದ ಊರಲ್ಲೇ ನೆಂಟಳಾದೆ ನೋಡು," ಎಂದು ಅಮ್ಮ ನಕ್ಕಳು. ಅವಳಿಗೆ ಅಂದು ಎಲ್ಲದಕ್ಕೂ ನಗು ಬರುತ್ತಿತ್ತು.

ಎಂಟು ವರ್ಷದಿಂದ ಮಗಳು ಈ ದಿನವನ್ನು ಮುಂದೂಡುತ್ತಲೇ ಬಂದಿದ್ದಳು. ಪ್ರವಾಸಿಗರನ್ನು ಹಳೇ ಊರಿನ ಓಣಿ ಓಣಿ ಸುತ್ತಿಸಿ, ಅಂಗಡಿ ಅಂಗಡಿಯಲ್ಲಿ ರುಚಿ ತೋರಿಸಿ, ಪ್ರತಿ ತುತ್ತಿಗೂ ಒಂದೊಂದು ಕತೆ ಹೇಳುವುದು ಅವಳ ಕೆಲಸ. "ನೀನು ಅದೇನು ಮಾತಾಡ್ತೀಯ ಅಂತ ಒಂದಿನ ಕೇಳ್ಬೇಕು ಕಣೆ" ಎಂದು ಅಮ್ಮ ಕೇಳಿದಾಗಲೆಲ್ಲ ಒಂದು ಸಲ ಮಳೆ, ಒಂದು ಸಲ ಜನಜಂಗುಳಿ, ಮಿಕ್ಕ ಸಲವೆಲ್ಲ ಮಂಡಿ ನೋವು ನೆಪಕ್ಕೆ ಸಿಗುತ್ತಿದ್ದವು. ಆದರೆ ಈ ಸಲ ಜನ ಕಡಿಮೆ ಬರುವ ತಿಂಗಳೆಂದು ಕಂಪನಿಯವರು, ಮಾರ್ಗದರ್ಶಿಗಳು ತಮ್ಮ ಮನೆಯವರೊಬ್ಬರನ್ನು ಪುಕ್ಕಟೆಯಾಗಿ ಕರೆತರಬಹುದು ಎಂದುಬಿಟ್ಟರು. ಜೊತೆ ಕೆಲಸದವಳೊಬ್ಬಳು ತರಕಾರಿ ಕೊಳ್ಳುವಾಗ ಅದನ್ನು ಅಮ್ಮನ ಕಿವಿಗೆ ಹಾಕಿದ್ದಳು.

"ಮಂಡಿ ಹಿಡ್ಕೊಂಡ್ರೆ ಏನಮ್ಮಾ ಮಾಡ್ತೀಯ?" ಎಂದು ಮಗಳು ಕೊನೆಯ ಬಾಣ ಬಿಟ್ಟಳು.

"ಹಿಡ್ಕೊಂಡ್ರೆ ಕೂತ್ಕೋತೀನಿ. ಮೂವತ್ತೊಂದು ವರ್ಷ ಒಲೆ ಮುಂದೆ ನಿಂತೇ ಕಳೆದಿದೀನಿ, ಮೂರು ಗಂಟೆ ನಡೆಯೋಕಾಗಲ್ವಾ?"

ಆ ಒಲೆ ಇದ್ದ ಬೇಕರಿಯೇ ನಡಿಗೆಯ ನಾಲ್ಕನೆಯ ನಿಲ್ದಾಣ. ಅದನ್ನು ಬಿಟ್ಟು ಹೋಗೋಣವೆಂದರೆ ಕಂಪನಿಯ ಕರಪತ್ರದ ಮೊದಲ ಪುಟದಲ್ಲೇ ಅಲ್ಲಿನ ಈರುಳ್ಳಿ ಬನ್ನಿನ ಚಿತ್ರವಿತ್ತು. ಅರ್ಧ ಜನ ಬರುತ್ತಿದ್ದುದೇ ಅದಕ್ಕಾಗಿ. ಒಂದೇ ಒಂದು ಸಮಾಧಾನವೆಂದರೆ ಅಮ್ಮನಿಗೆ ಪ್ರವಾಸಿಗರ ಭಾಷೆ ಒಂದಕ್ಷರವೂ ಬರುತ್ತಿರಲಿಲ್ಲ.

ಮೊದಲ ಮೂರು ನಿಲ್ದಾಣ ಸುಸೂತ್ರವಾಗಿ ಮುಗಿದವು. ಒಣಹಣ್ಣಿನ ಅಂಗಡಿಯಲ್ಲಿ ಅಮ್ಮ ತನ್ನ ಪಾಲಿನ ದ್ರಾಕ್ಷಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಸೂಪಿನ ಅಂಗಡಿಯಲ್ಲಿ ಬಟ್ಟಲಿಗೆ ಬಾಯಿ ಹಚ್ಚಿ, "ಪಾತ್ರೆ ತಳ ಹಿಡಿದಿದೆ, ಅದಕ್ಕೇ ಮೆಣಸು ಜಾಸ್ತಿ ಹಾಕಿದಾರೆ" ಎಂದು ಮಗಳ ಕಿವಿಯಲ್ಲಿ ಹೇಳಿದಳು. ಗಂಟೆ ಗೋಪುರದ ಕೆಳಗೆ ಮಗಳು ಕೈಯಾಡಿಸುತ್ತ ರಾಜನೊಬ್ಬನ ಹುಚ್ಚಾಟದ ಕತೆ ಹೇಳಿ ಎಲ್ಲರನ್ನೂ ನಗಿಸಿದಾಗ, ಅರ್ಥವಾಗದ ಅಮ್ಮನೂ ನಕ್ಕಳು. ಮಗಳ ಬಾಯಿಂದ ಬರುವ ಸದ್ದನ್ನೇ ನೋಡುತ್ತಿದ್ದಳು, ಕೂಸು ಮೊದಲ ಸಲ ತೊದಲುವುದನ್ನು ನೋಡುವ ಹಾಗೆ.

ಬೇಕರಿಯ ಬಾಗಿಲಲ್ಲಿ ಸಣ್ಣ ಯಜಮಾನ ನಿಂತಿದ್ದ. ಹೆಸರಿಗೆ ಸಣ್ಣ, ವಯಸ್ಸು ಐವತ್ತು ದಾಟಿತ್ತು. ಅವನ ತಂದೆಯ ಕಾಲದಲ್ಲಿ ಅಮ್ಮ ಕೆಲಸಕ್ಕೆ ಸೇರಿದ್ದು, ಅವನ ಕಾಲದಲ್ಲಿ ಬಿಟ್ಟದ್ದು. ಬಿಡುವ ದಿನ ಆರು ಬನ್ನು ಕಟ್ಟಿಕೊಟ್ಟು ಕಳಿಸಿದ್ದ.

"ಓಹೋ, ಒಲೆಯಮ್ಮ! ದಾರಿ ತಪ್ಪಿ ಬಂದ್ರೋ?" ಎಂದ. ಅವನ ನಗೆ ಅರ್ಧಕ್ಕೇ ನಿಂತು, ಕಣ್ಣು ಮಗಳ ಕಡೆ ಹೊರಳಿತು. ಮಗಳು ಕಣ್ಣಲ್ಲೇ ಸುಮ್ಮನಿರು ಎಂದಳು.

"ಮಗಳ ಜೊತೆ ಬಂದೆ ಯಜಮಾನ್ರೇ. ಈಗ ಒಲೆ ಯಾರ ಕೈಲಿದೆ?"

"ಒಲೆ ಎಲ್ಲಿ ಬಂತು, ಕರೆಂಟಿನ ಪೆಟ್ಟಿಗೆ ಬಂದಿದೆ. ಗುಂಡಿ ಒತ್ತಿದ್ರೆ ಆಯ್ತು."

ಒಳಗೆ ಸುಣ್ಣ ಬಳಿದ ಗೋಡೆಗೆ ಚೌಕಟ್ಟು ಹಾಕಿದ ದೊಡ್ಡ ಚಿತ್ರವೊಂದು ನೇತಾಡುತ್ತಿತ್ತು, ಸಣ್ಣ ಯಜಮಾನನ ಅಜ್ಜಿಯದು. ಅದರ ಕೆಳಗೆ ಮರದ ಹಲಗೆ. ಹಲಗೆಯ ತುಂಬ ಪರದೇಶದ ಅಕ್ಷರ. ಪ್ರವಾಸಿಗರು ಅರ್ಧ ಚಂದ್ರಾಕಾರವಾಗಿ ನಿಂತರು. ಸಣ್ಣ ಯಜಮಾನ ತಟ್ಟೆಯಲ್ಲಿ ಬಿಸಿ ಬನ್ನು ಹಿಡಿದು ಬಂದ. ಮಗಳು ಗಂಟಲು ಸರಿಮಾಡಿಕೊಂಡು ಕತೆ ಶುರು ಮಾಡಿದಳು.

ಎಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರುವ ಮುಂಚೆ, ಕಂಪನಿಯ ಮಾಲೀಕ ಅವಳನ್ನು ಪರೀಕ್ಷೆಗೆಂದು ಇದೇ ಓಣಿಗಳಲ್ಲಿ ನಡೆಸಿದ್ದ. ಇದೇ ಜಾಗದಲ್ಲಿ ನಿಂತು ಅವಳು, "ಈ ಬನ್ನು ಶುರು ಮಾಡಿದ್ದು ಇಲ್ಲಿ ಒಲೆ ನೋಡ್ಕೊಳ್ತಿದ್ದ ಒಬ್ಬ ಹೆಂಗಸು" ಎಂದಿದ್ದಳು. ಆ ಹೆಂಗಸು ತನ್ನ ತಾಯಿ ಎಂದು ಮಾತ್ರ ಹೇಳಿರಲಿಲ್ಲ. ಶಾಲೆಯ ಗೆಳತಿಯರಿಗೂ ಅವಳು ಅದನ್ನು ಎಂದೂ ಹೇಳಿದವಳಲ್ಲ. ಮಾಲೀಕ ಬಾಯಿ ಚಪ್ಪರಿಸಿ, "ಕೂಲಿ ಹೆಂಗಸಿನ ಕತೆ ಕೇಳೋಕೆ ಯಾರು ಸಮುದ್ರ ದಾಟಿ ಬರ್ತಾರಮ್ಮ? ಮನೆತನ ಬೇಕು, ನೂರು ವರ್ಷ ಬೇಕು, ಅಜ್ಜಿ ಇದ್ರೆ ಇನ್ನೂ ಒಳ್ಳೇದು" ಎಂದ. ಆಗ ಅವಳು ಎರಡು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಳು. ಮರುದಿನವೇ ಅಜ್ಜಿ ತಯಾರಾದಳು. ವರ್ಷ ತುಂಬುವುದರೊಳಗೆ ಸಣ್ಣ ಯಜಮಾನ ಆ ಕತೆಯನ್ನು ಹಲಗೆಗೆ ಬರೆಸಿ ತೂಗುಹಾಕಿದ್ದ. ಈಗಂತೂ ಅವನೂ ಅದನ್ನು ನಂಬಿಬಿಟ್ಟಿದ್ದ. ಕತೆಯ ಕೊನೆಗೆ ಅವನ ಕಣ್ಣು ಒದ್ದೆಯಾಗುತ್ತಿತ್ತು.

ಕತೆ ಮುಗಿಯಿತು. ಎಂದಿನಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಯ ಮಾತು ಹೇಳುವಾಗ ಮಗಳ ಕಣ್ಣು ತಡೆಯಲಾರದೆ ಅಮ್ಮನ ಮೇಲೆ ಬಿದ್ದಿತ್ತು. ಜನರೆಲ್ಲ ಆ ನೋಟದ ಜಾಡು ಹಿಡಿದು ಅವಳ ಕಡೆ ತಿರುಗಿದ್ದರು. ಚಪ್ಪಾಳೆ ತನಗೇ ಎಂದುಕೊಂಡ ಅಮ್ಮ ಕೆಂಪಾದಳು. ಏನು ಮಾಡಬೇಕೆಂದು ತಿಳಿಯದೆ ಶಾಲು ಎಳೆದುಕೊಂಡು ತಲೆ ಬಾಗಿಸಿದಳು.

"ನನ್ನ ಬಗ್ಗೆ ಹೇಳಿದ್ಯಾ?" ಎಂದು ಪಿಸುಗುಟ್ಟಿದಳು.

ಮಗಳು ತಲೆಯಾಡಿಸಿದಳು. "ಹೂಂ," ಎಂದಳು.

"ಹುಚ್ಚಿ. ಅದೆಲ್ಲ ಯಾಕೆ ಹೇಳೋಕೆ ಹೋದೆ," ಎಂದು ಅಮ್ಮ ಬೈದಳು. ಆದರೆ ಬೈದ ಬಾಯಿ ಮುಚ್ಚಲಾಗದಷ್ಟು ನಗು ತುಂಬಿಕೊಂಡಿತ್ತು. ತಟ್ಟೆಯಿಂದ ಒಂದು ಬನ್ನು ಎತ್ತಿ ಮುರಿದಳು, ಮೂಸಿದಳು. "ಈರುಳ್ಳಿ ಸರಿಯಾಗಿ ಬಾಡಿಸಿಲ್ಲ" ಎಂದು, ಅದಕ್ಕೂ ನಕ್ಕಳು.

ಆಗಲೇ ಗುಂಪಿನಲ್ಲಿದ್ದ ದಪ್ಪ ಕನ್ನಡಕದ ಹೆಂಗಸು ಹತ್ತಿರ ಬಂದಳು. ಬೆಳಿಗ್ಗೆಯಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಈಗ ಬಾಯಿ ಬಿಟ್ಟರೆ ಅಚ್ಚ ಇಲ್ಲಿಯ ಮಾತು.

"ಅಮ್ಮಾ, ನಿಮ್ಮ ಮಗಳು ಎಷ್ಟು ಚೆನ್ನಾಗಿ ಹೇಳ್ತಾರೆ! ನಾನೂ ಇದೇ ಊರವಳು. ಒಂಬತ್ತನೇ ವಯಸ್ಸಿಗೆ ಅಪ್ಪನ ಜೊತೆ ಹೊರಟುಹೋದೆ. ಆ ಅಜ್ಜಿ ಕತೆ ಕೇಳಿ ಕಣ್ಣಲ್ಲಿ ನೀರು ಬಂತು ನೋಡಿ."

"ಯಾವ ಅಜ್ಜಿ ತಾಯಿ?"

"ಇವರೇ," ಎಂದು ಅವಳು ಗೋಡೆಯ ಚಿತ್ರ ತೋರಿಸಿದಳು.

ಮಗಳು ಎರಡು ಹೆಜ್ಜೆ ಮುಂದೆ ಬಂದು, "ಬನ್ನಿ, ಹೊತ್ತಾಗ್ತಿದೆ, ಮುಂದಿನ ಜಾಗಕ್ಕೆ..." ಎಂದಳು. ಅಮ್ಮ ಕೈಯೆತ್ತಿ ತಡೆದಳು. ಜೋರಾಗಿ ಅಲ್ಲ, ಒಲೆಯ ಬಾಗಿಲು ತೆಗೆಯುವಾಗ ಹತ್ತಿರ ಬರುವ ಮಕ್ಕಳನ್ನು ಹಿಂದೆ ಸರಿಸುವಷ್ಟು ಮೆಲ್ಲಗೆ.

"ಈ ಹಲಗೆ ಮೇಲೆ ಏನು ಬರ್ದಿದೆ ತಾಯಿ? ಸ್ವಲ್ಪ ಓದಿ ಹೇಳ್ತೀರಾ? ನನಗೆ ಈ ಅಕ್ಷರ ಬರಲ್ಲ."

ಕನ್ನಡಕದವಳಿಗೆ ಖುಷಿಯಾಯಿತು. ಚಿಕ್ಕಂದಿನ ಮಾತನ್ನು ಮತ್ತೆ ಬಾಯಲ್ಲಿ ಹೊರಳಿಸಲು ಯಾರಾದರೂ ಬೇಕಿದ್ದರೇನೋ. ಬೆರಳಿಟ್ಟು ಒಂದೊಂದೇ ಸಾಲು ಓದಿ, ನಿಂತು ನಿಂತು ಹೇಳತೊಡಗಿದಳು.

"'ನೂರಿಪ್ಪತ್ತು ವರ್ಷದ ಹಿಂದೆ ಈ ಮನೆಯ ಯಜಮಾನಿಗೆ ಒಬ್ಬಳೇ ಮಗಳಿದ್ದಳು... ಆ ಮಗುವಿಗೆ ಜ್ವರ ಬಂತು. ಹನ್ನೆರಡು ದಿನ ಏನು ಕೊಟ್ಟರೂ ತಿನ್ನಲಿಲ್ಲ... ಹದಿಮೂರನೇ ದಿನ, ಸುಟ್ಟ ಈರುಳ್ಳಿ ವಾಸನೆ ಬರ್ತಿದೆ, ಅದು ಬೇಕು ಅಂದಳು. ತಾಯಿ ಓಡಿಹೋಗಿ, ಉಳಿದ ಹಿಟ್ಟಿನ ಮುದ್ದೆಯೊಳಗೆ ಬಾಡಿಸಿದ ಈರುಳ್ಳಿ ಇಟ್ಟು, ಒಲೆಯ ಬಾಯಲ್ಲೇ ಬೇಯಿಸಿ, ಕೈ ಸುಟ್ಟುಕೊಂಡು, ಬಟ್ಟೆಯಲ್ಲಿ ಕಟ್ಟಿ ತಂದಳು... ಮಗು ಎದ್ದು ಕೂತು ತಿಂದಿತು.' ಎಷ್ಟು ಚೆನ್ನಾಗಿದೆ ಅಲ್ವಾ?"

ಅಮ್ಮನ ಬಲ ಮುಂಗೈ ಮೇಲೆ ಹೆಬ್ಬೆಟ್ಟಿನಷ್ಟಗಲ ಹೊಳೆಯುವ ಹಳೇ ಕಲೆಯಿತ್ತು. ಅವಳು ಅದನ್ನು ಶಾಲಿನೊಳಗೆ ಎಳೆದುಕೊಂಡಳು. ಆ ಕೈ ಸುಟ್ಟಾಗ ಮಗಳಿಗೆ ಆರು ವರ್ಷ. ಆ ಹದಿಮೂರನೆಯ ದಿನದ ಬಟ್ಟೆಗಂಟಿನ ಬಿಸಿ ಅವಳಿಗೆ ಇಂದಿಗೂ ನೆನಪಿತ್ತು. ಮರುವಾರ ದೊಡ್ಡ ಯಜಮಾನ ಅಂಥದೇ ಒಂದು ಬನ್ನು ತಿಂದು ನೋಡಿ, ನಾಳೆಯಿಂದ ಇದನ್ನೂ ಮಾಡು ಎಂದಿದ್ದ. ಕತೆ ಬರೆಯುವಾಗ ಮಗಳು ಏನನ್ನೂ ಕಟ್ಟಬೇಕಾಗಿರಲಿಲ್ಲ. ಇದ್ದುದನ್ನು ಎತ್ತಿ ಇನ್ನೊಬ್ಬರ ಮನೆಯಲ್ಲಿಟ್ಟಿದ್ದಳು, ಅಷ್ಟೆ. ಇಷ್ಟು ದಿನ ಬೇರೆ ಭಾಷೆಯಲ್ಲಿ ಹೇಳುವಾಗ ಅದು ಯಾರದೋ ಕತೆಯಾಗಿತ್ತು. ಈಗ ಮನೆಮಾತಿನಲ್ಲಿ ಕೇಳಿದರೆ ಒಂದೊಂದು ಮಾತೂ ಕೆನ್ನೆಗೆ ಬಾರಿಸಿದ ಹಾಗಿತ್ತು.

ಅಮ್ಮ ಚಿತ್ರದ ಕಡೆ ನೋಡಿದಳು. "ಈ ಯಮ್ಮ ಹಿಟ್ಟು ಕಂಡ್ರೆ ಸೀನ್ತಿದ್ರು," ಎಂದು ಮೆಲ್ಲಗೆ ಅಂದಳು. "ಬೇಕರಿ ಹೊಸಿಲು ತುಳಿದೋರೇ ಅಲ್ಲ."

"ಏನಂದ್ರಿ? ನೀವು ಇಲ್ಲಿ ಕೆಲಸ ಮಾಡ್ತಿದ್ರಾ? ಆಗ ಯಜಮಾನ್ರು ಒಲೆಯಮ್ಮ ಅಂತ ಏನೋ ಕರೆದ ಹಾಗಾಯ್ತು."

ಸಣ್ಣ ಯಜಮಾನ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟ. ಅಮ್ಮ ಹೇಳಲಿ, ಹೇಳಿಬಿಡಲಿ ಎಂದು ಮಗಳಿಗೆ ಒಂದು ಮನಸ್ಸು. ಕಂಪನಿಗೆ ದೂರು ಹೋದರೆ ನಾಳೆಯಿಂದ ಏನು ಗತಿ ಎಂದು ಇನ್ನೊಂದು ಮನಸ್ಸು. ತಾನೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಅಮ್ಮ ಮಗಳ ಮುಖ ನೋಡಿದಳು. ಆ ಮುಖದಲ್ಲಿ ಏನು ಓದಿದಳೋ, ಅದನ್ನು ಓದಲು ಅವಳಿಗೆ ಯಾರ ಸಹಾಯವೂ ಬೇಕಿರಲಿಲ್ಲ.

"ಇಲ್ಲ ತಾಯಿ," ಎಂದಳು. "ಬನ್ನು ಕೊಳ್ಳೋಕೆ ಬರ್ತಿದ್ದೆ. ಚಿಕ್ಕೋಳಿದ್ದಾಗ ಇವಳಿಗೆ ಇಷ್ಟ."

ಸಣ್ಣ ಯಜಮಾನ ನಿಟ್ಟುಸಿರು ಬಿಟ್ಟು, ಎಲ್ಲರಿಗೂ ಇನ್ನೊಂದೊಂದು ಬನ್ನು ಕೊಡುವಂತೆ ಒಳಗೆ ಕೂಗಿ ಹೇಳಿದ.

ಹೊರಗೆ ಚೌಕದಲ್ಲಿ ಹತ್ತು ನಿಮಿಷದ ಬಿಡುವು. ಪ್ರವಾಸಿಗರು ಕಾರಂಜಿಯ ಕಟ್ಟೆಯ ಮೇಲೆ ಕೂತು ಬೆರಳು ನೆಕ್ಕಿಕೊಳ್ಳುತ್ತಿದ್ದರು. ಅಮ್ಮ ದೂರದ ಮೆಟ್ಟಿಲೊಂದರ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಮಗಳು ನೀರಿನ ಬಾಟಲಿ ಹಿಡಿದು ಎದುರಿಗೆ ನಿಂತಳು.

"ಅಮ್ಮಾ, ಆಗ ಕೆಲಸ ಇರಲಿಲ್ಲ. ಅವರು ಅಂಥ ಕತೇನೇ ಬೇಕು ಅಂದ್ರು. ನಿನಗೆ ಗೊತ್ತಲ್ಲ ಆವಾಗ ಮನೆ ಪರಿಸ್ಥಿತಿ..."

"ಗೊತ್ತು."

"ನಿನಗೆ ಹೇಳ್ಬೇಕು ಅಂತಲೇ ಇದ್ದೆ."

"ರಾಜನ ಕತೆ ಹೇಳಿದ್ಯಲ್ಲ ಗೋಪುರದ ಹತ್ರ, ಎಲ್ರೂ ನಕ್ಕರಲ್ಲ. ಅದಾದ್ರೂ ನಿಜಾನಾ?"

ಮಗಳು ಬಾಟಲಿಯ ಮುಚ್ಚಳ ತೆಗೆದು ಚಾಚಿದಳು. ಅಮ್ಮ ನೀರು ತೆಗೆದುಕೊಳ್ಳಲಿಲ್ಲ.

"ನನ್ನ ಹೆಸರು ಹೋಗ್ಲಿ ಬಿಡು," ಎಂದಳು. "ಒಲೆಯಮ್ಮನಿಗೆ ಹೆಸರು ಯಾತಕ್ಕೆ? ಆದ್ರೆ ಜ್ವರ ಬಂದಿದ್ದು ನಿನಗೆ ಕಣೆ. ಹನ್ನೆರಡು ದಿನ ನಿನ್ನ ಮೈ ಕಾಯ್ತಿತ್ತು. ಅವರಿಗೆ ಬನ್ನು ಕೊಟ್ಟೆ, ಸರಿ. ನಿನ್ನನ್ನೂ ಕೊಟ್ಟುಬಿಟ್ಯಲ್ಲ."

ಮಗಳು ಕೈ ಚಾಚಿದಳು. ಅಮ್ಮ ಗೋಡೆ ಹಿಡಿದುಕೊಂಡು ಎದ್ದಳು. "ನೀನು ಕೆಲಸ ಮುಗಿಸ್ಕೊಂಡು ಬಾ. ನಾನು ಬಸ್ಸಿಗೆ ಹೋಗ್ತೀನಿ. ಮಂಡಿ ಹಿಡ್ಕೊಂಡಿದೆ." ಹಾಗೆಂದು ಚೌಕ ದಾಟಿ, ಎದುರಿನ ಕಲ್ಲುಗೋಡೆಗೆ ಒತ್ತಿ ಹಾಕಿದ್ದ ಬೆಂಚಿನ ಮೇಲೆ ಬಸ್ಸು ಕಾಯುತ್ತ ಕೂತಳು.

ಬಿಡುವು ಮುಗಿದಿತ್ತು. ಜನ ಎದ್ದು ಬಂದು ಸುತ್ತ ನಿಂತರು. ಮಗಳು ಐದನೆಯ ನಿಲ್ದಾಣದ ಮಾತು ಶುರು ಮಾಡಬೇಕಿತ್ತು. ಕಣ್ಣು ಮಾತ್ರ ಬೆಂಚಿನ ಕಡೆಗೇ ಹೋಯಿತು. ಅವಳು ಎತ್ತ ನೋಡುತ್ತಿದ್ದಾಳೆಂದು ಒಬ್ಬೊಬ್ಬರಾಗಿ ತಿರುಗಿ ನೋಡಿದರು.

"ಅಲ್ಲೇನಿದೆ?" ಎಂದು ಮುಂದೆ ನಿಂತವನೊಬ್ಬ ಕೇಳಿದ.

ಹನ್ನೊಂದು ಮುಖಗಳು ಕಾಯುತ್ತಿದ್ದವು. "ಅದು... ಆ ಗೋಡೆ," ಎಂದಳು. ದನಿ ತಾನಾಗಿಯೇ ಹದಕ್ಕೆ ಬಂತು. "ಹಳೇ ಕಣಜದ್ದು. ನಾನೂರು ವರ್ಷ ಆಗಿದೆ."

ಎಲ್ಲರೂ ಫೋನು ಎತ್ತಿ ಹಿಡಿದರು. ಅತ್ತ ಬೆಂಚಿನ ಮೇಲೆ ಕೂತಿದ್ದ ಮುದುಕಿ ಅದನ್ನು ಕಂಡಳು. ಚೀಲವನ್ನು ಎದೆಗವಚಿಕೊಂಡು ಎದ್ದು, ಅವರ ಚಿತ್ರಕ್ಕೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತಳು.