ಪ್ರಣತಿಯ ಪಾಲಿಗೆ ಬಂದ ಪದ

"ಅಜ್ಜಿಗೆ ಗೊತ್ತಂತೆ ಅಪ್ಪಾ," ಎಂದಳು ಪ್ರಣತಿ, ಊಟದ ಮೇಜಿನ ಆ ಕಡೆಯಿಂದ. "ಷಿ ಸೇಸ್ ಷಿ ವಾಸ್ ದೇರ್."

ಚಪಾತಿ ಮುರಿಯುತ್ತಿದ್ದ ಚಾಮರಾಜನ ಕೈ ಅಲ್ಲೇ ನಿಂತಿತು.

ಆರನೇ ತರಗತಿಯ ಮೇಡಂ ಮಕ್ಕಳಿಗೆ ಒಂದೊಂದು ಪದ ಹಂಚಿದ್ದರು. ಶುಕ್ರವಾರ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ. ಅವತ್ತು ಆ ಪದವನ್ನು ನಿಘಂಟು ನೋಡದೆ, ಮನೆಯ ಹಿರಿಯರು ಕಂಡುಂಡ ಏನಾದರೊಂದರಿಂದ ವಿವರಿಸಬೇಕು. ಗೆಳತಿ ತನ್ವಿಗೆ 'ಹಾರ್ವೆಸ್ಟ್' ಎಂಬ ಸುಲಭದ ಪದ ಸಿಕ್ಕಿತ್ತು. ಪ್ರಣತಿಯ ಪಾಲಿಗೆ ಬಂದದ್ದು 'ಡಿಸೆಗ್ರಿಗೇಷನ್', ಬೇರೆ ಬೇರೆಯಾಗಿಟ್ಟವರನ್ನು ಒಟ್ಟಿಗೆ ಕೂರಿಸುವುದು. ಅಮೆರಿಕದಲ್ಲಿ ಕಪ್ಪು ಜನರ ಮಕ್ಕಳಿಗೆ ಬೇರೆ ಶಾಲೆ ಇದ್ದದ್ದು, ಅದು ತಪ್ಪೆಂದು ನ್ಯಾಯಾಲಯ ಹೇಳಿದ್ದು, ಇಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲೂ ಮೂಲನಿವಾಸಿ ಮಕ್ಕಳನ್ನು ಒಂದು ಕಾಲಕ್ಕೆ ಬೇರೆಯಾಗಿಟ್ಟು ಓದಿಸಿದ್ದು, ಎಲ್ಲ ಪಾಠದಲ್ಲಿ ಆಗಿತ್ತು. ಊರಿಂದ ಬಂದು ಎರಡು ತಿಂಗಳೂ ಆಗದ ಕೆಂಪಮ್ಮಜ್ಜಿಗೆ ಇದು ಹೇಗೆ ಗೊತ್ತು ಎಂದು ಅವಳಿಗೆ ಬೆರಗು.

ಚಾಮರಾಜನಿಗೆ ಬೆರಗಾಗಲಿಲ್ಲ, ಹೆದರಿಕೆಯಾಯಿತು. ಅವನು ಅರಿವಳಿಕೆ ಡಾಕ್ಟರು. ನೋವು ಗೊತ್ತಾಗದಂತೆ ನೋಡಿಕೊಳ್ಳುವುದೇ ಕಸುಬು. ಬ್ರಿಸ್ಬೇನಿನ ಹನ್ನೆರಡು ವರ್ಷ ತನ್ನ ವಿಷಯದಲ್ಲೂ ಅದನ್ನೇ ಮಾಡಿಕೊಂಡು ಬಂದಿದ್ದ. ನಮ್ಮ ಜನ ಎಲ್ಲಿಗೆ ಹೋದರೂ ಜಾತಿಯನ್ನು ನೇರವಾಗಿ ಕೇಳುವಷ್ಟು ಒರಟರಲ್ಲ. ಮೈಸೂರಲ್ಲಿ ಎಲ್ಲಿ, ಯಾವ ಬಡಾವಣೆ, ಮನೆದೇವರು ಯಾವುದು ಎಂದು ಸುತ್ತಿ ಸುತ್ತಿ ಬರುತ್ತಾರೆ. ತನ್ವಿಯ ತಾತ ಉಮಾಪತಿಯವರು ಮೊದಲ ಭೇಟಿಯಲ್ಲೇ ಮನೆದೇವರಿಗೆ ಬಂದಿದ್ದರು. ಚಾಮರಾಜ ಬಾಯಿಗೆ ಮೊದಲು ಬಂದ ನಂಜುಂಡೇಶ್ವರನ ಹೆಸರು ಹೇಳಿಬಿಟ್ಟ. "ಹಾಗಾದ್ರೆ ನಮ್ಮೋರೇ ಬಿಡಿ," ಎಂದು ಅವರು ಹೆಗಲು ತಟ್ಟಿದರು. ಅವನು ಅಲ್ಲವೆನ್ನಲಿಲ್ಲ, ನಕ್ಕ. ಆ ಒಂದು ನಗುವಿನ ಮೇಲೆ ಎಷ್ಟೆಲ್ಲ ಕಟ್ಟಿಕೊಂಡಿತು! ಶನಿವಾರ ಶನಿವಾರ ಅವರ ಮನೆಯಿಂದ ಚಟ್ನಿಪುಡಿ, ಕನ್ನಡ ಸಂಘದಲ್ಲಿ ಪಕ್ಕದ ಕುರ್ಚಿ, ಅವರು ಬರುವ ದಿನ ಈ ಮನೆಯಲ್ಲಿ ಕೋಳಿ ಬಂದ್. ಉಮಾಪತಿ ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಅವರು ಒಳ್ಳೆಯವರು, ಶುಕ್ರವಾರ ಅವರೂ ತನ್ವಿಯ ಪಕ್ಕ ಕೂರುವವರು.

ಹೆಂಡತಿ ರುಕ್ಮಿಣಿ ಡ್ಯೂಟಿಗೆ ಹೋದಮೇಲೆ, ಮಗಳು ಟಿವಿ ಮುಂದೆ ಕೂತಮೇಲೆ, ಅವನು ತಾಯಿಯನ್ನು ಹಿತ್ತಲಿಗೆ ಕರೆದ. ಶುಕ್ರವಾರ ಶಾಲೆಯ ಆ ಹಳೆಯ ಮಾತು ಬೇಡ, ದೀಪಾವಳಿಯದ್ದೋ ಎತ್ತುಗಳದ್ದೋ ಏನಾದರೂ ಹೇಳಿದರಾಯಿತು, ಮಕ್ಕಳಿಗೂ ಖುಷಿಯಾಗುತ್ತದೆ ಎಂದು ಸಮಜಾಯಿಷಿ ಕೊಟ್ಟ. ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು.

"ಹೊರ್ಗಡೆ ಕುಂತಿದ್ದು ನಾನು," ಎಂದಳು. "ನಾಚ್ಕೆ ನಿಂಗ್ಯಾಕ್ಲ ಮಗ?"

ಅವನು ಹಗ್ಗದಿಂದ ಒಂದು ಟವೆಲ್ ತೆಗೆದು ಮಡಿಸತೊಡಗಿದ. ಅವ್ವನೇ ಅವನ ಪರವಾಗಿ ಸೋತಳು. "ಆಯ್ತು ಬುಡು. ದೀಪಾವಳೀದೇ ಯೋಳ್ತೀನಿ."

ಶುಕ್ರವಾರ ಬೆಳಿಗ್ಗೆಯೇ ಸುಡುವ ಬಿಸಿಲು. ತರಗತಿಯಲ್ಲಿ ಮಕ್ಕಳು ಚಾಪೆಯ ಮೇಲೆ, ಹಿರಿಯರು ಕುರ್ಚಿಗಳಲ್ಲಿ, ಚಾಮರಾಜನಂತೆ ಜೊತೆಗೆ ಬಂದವರು ಹಿಂದಿನ ಗೋಡೆಗೆ ಒರಗಿ. ತನ್ವಿಯ 'ಹಾರ್ವೆಸ್ಟ್'ಗೆ ಉಮಾಪತಿಯವರು ಸುಗ್ಗಿಯ ರಾಶಿಪೂಜೆಯನ್ನು ಒಳ್ಳೆಯ ಇಂಗ್ಲಿಷಿನಲ್ಲಿ ವರ್ಣಿಸಿ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಪ್ರಣತಿ ಎದ್ದು ತನ್ನ ಪದವನ್ನು ಹೇಳಿ, ಅಜ್ಜಿ ಕನ್ನಡದಲ್ಲಿ ಮಾತಾಡುತ್ತಾರೆ, ನಾನು ಇಂಗ್ಲಿಷಿಗೆ ತರುತ್ತೇನೆ ಎಂದಳು. ಅವ್ವ ಮಾತಿಗೆ ತಪ್ಪಲಿಲ್ಲ. ದೀಪಾವಳಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವುದರಿಂದ ಶುರುಮಾಡಿದಳು.

ಪ್ರಣತಿಯ ಮುಖ ಸಣ್ಣದಾಯಿತು. ಇಂಗ್ಲಿಷಿಗೆ ತರಲಿಲ್ಲ. "ಅದಲ್ಲ ಅಜ್ಜಿ," ಎಂದು ಪಿಸುಗುಟ್ಟಿದಳು. "ಇಸ್ಕೂಲು."

ಕನ್ನಡದಲ್ಲಿ ಕೇಳಿದರೂ ಅರ್ಧ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಜ್ಜಿಯ ಮಾತನ್ನೇ ಎತ್ತಿಕೊಂಡಿದ್ದಳು. ಅವ್ವ ಗೋಡೆಯ ಕಡೆ ತಿರುಗಿ ಮಗನನ್ನು ನೋಡಿದಳು. ಆಮೇಲೆ ಮೊಮ್ಮಗಳ ಕಡೆಗೆ ತಿರುಗಿದಳು.

"ನಮ್ಮೋರ್ನ ಇಸ್ಕೂಲ್ ಒಳಕ್ಕೆ ಬುಡ್ತಿರ್ನಿಲ್ಲ ಕನವ್ವ. ಜಗ್ಲಿ ಮ್ಯಾಲೇ ಕುಂತು ಕಿಟಕೀಲಿ ಕೇಳುಸ್ಕೊಬೇಕಿತ್ತು."

ಪ್ರಣತಿ ಇಂಗ್ಲಿಷಿಗೆ ಬಾಯಿ ತೆರೆದವಳು ಅಲ್ಲೇ ತಡವರಿಸಿದಳು. 'ನಮ್ಮೋರು' ಕನ್ನಡ ಸಂಘದಲ್ಲಿ ಸದಾ ಕೇಳುವ ಮಾತೇ, ಇಲ್ಲಿ ಯಾಕೋ ಕೂರಲಿಲ್ಲ. ತಲೆಯೆತ್ತಿ ಎಲ್ಲರ ಮುಂದೆ ಕೇಳಿದಳು, "ಅಪ್ಪಾ, ನಮ್ಮೋರು ಅಂದ್ರೆ ಯಾರು? ಕನ್ನಡದವ್ರಾ?"

ಹೌದು ಎಂದರೆ ಮುಗಿಯುತ್ತಿತ್ತು. ಉಮಾಪತಿಯವರೂ ಕುರ್ಚಿಯಲ್ಲೇ ಹೊರಳಿ ಅವನತ್ತ ನೋಡುತ್ತಿದ್ದರು. ಅವ್ವ ಮಾತ್ರ ನೋಡುತ್ತಿರಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಅವಳು ಹೀಗೆಯೇ ಜಗಲಿಯ ಮೇಲೆ ಕೂತಿರಬೇಕು ಎಂದು ಅವನಿಗೆ ಹೊಳೆಯಿತು.

"ಅಲ್ಲ ಪುಟ್ಟ," ಎಂದ. "ದಲಿತರು. ಅಜ್ಜಿ, ನಾನು, ನೀನು."

ಪ್ರಣತಿ ತಲೆಯಾಡಿಸಿ ತರಗತಿಗೆ ತಿರುಗಿದಳು. "ದಲಿತ್ಸ್. ದಟ್ಸ್ ಅಸ್," ಎಂದು ಮನೆಯ ವಿಳಾಸದಷ್ಟೇ ಸಲೀಸಾಗಿ ಹೇಳಿ, "ಅಜ್ಜಿ, ಆಮೇಲೆ?" ಎಂದಳು.

ಆಮೇಲೆ ಅವ್ವ ತಡೆಯಿಲ್ಲದೆ ಹೇಳಿದಳು. ಶಾಲೆಯ ಒಳಗೊಂದು ನೀರಿನ ಮಡಕೆ. ಬಾಯಾರಿದರೆ ಅವಳು ಬಾಗಿಲಲ್ಲಿ ಬಗ್ಗಿ ಬೊಗಸೆಯೊಡ್ಡಬೇಕು, ಒಳಗಿನವರಿಗೆ ಮನಸ್ಸು ಬಂದಾಗ ಮೇಲಿನಿಂದ ಹೊಯ್ಯುತ್ತಾರೆ. ಹೊಸದಾಗಿ ಬಂದ ಚಂದ್ರಮೌಳಿ ಮೇಷ್ಟ್ರು ಒಂದು ದಿನ ಅವಳನ್ನು ಒಳಗೆ ಕರೆದು, ನೀನೇ ಮೊಗೆದುಕೊಂಡು ಕುಡಿ ಎಂದು ಲೋಟ ಕೈಗಿತ್ತರು. ಮಾರನೆಯ ದಿನದಿಂದ ಆ ಮಡಕೆಯ ನೀರನ್ನು ಯಾರೂ ಮುಟ್ಟಲಿಲ್ಲ. ಮೇಷ್ಟ್ರು ದಿನಾ ತುಂಬಿಸುವರು, ಅವಳೊಬ್ಬಳೇ ಕುಡಿಯುವಳು.

ಹಾಗಾದರೆ ಡಿಸೆಗ್ರಿಗೇಷನ್ ಆದದ್ದು ಅಜ್ಜಿ ಒಳಗೆ ಬಂದ ದಿನವೇ ಎಂದು ಮೇಡಂ ಕೇಳಿದರು.

"ಅವತ್ತಲ್ಲ ಕನವ್ವ," ಎಂದಳು ಅವ್ವ. "ಬ್ಯಾಸ್ಗೇಲಿ. ಬಿಸ್ಲು ಅಂದ್ರೆ ಬಿಸ್ಲು. ಬಾಯಾರ್ಕೆ ತಡೀನಾರ್ದೆ ಒಬ್ಬೊಬ್ರೇ ಬಂದು ಕುಡುದ್ರು. ನಾನೇ ಮೊಗ್ದು ಕೊಟ್ಟೆ."

ಮಕ್ಕಳು ನಕ್ಕರು. ಅವ್ವನೂ ನಕ್ಕಳು.

ಚಹಾ ಬಿಸ್ಕತ್ತು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಉಮಾಪತಿಯವರು ಅವನ ಬಳಿ ಬರಲಿಲ್ಲ. ದೂರದಲ್ಲಿ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತಿದ್ದರು. ಬಾರದಿದ್ದರೆ ಬಾರದಿರಲಿ ಎಂದುಕೊಂಡ ಚಾಮರಾಜ, ಆದರೂ ನೋವಾಯಿತು.

ಪ್ರಣತಿ ಅಜ್ಜಿಯನ್ನು ಅಂಗಳದ ಬಬ್ಲರ್ ಹತ್ತಿರ ಕರೆದೊಯ್ದಳು. ಗುಂಡಿ ಒತ್ತಿದರೆ ನೀರು ಕೆಳಗಿನಿಂದ ಚಿಮ್ಮುವ ನಲ್ಲಿ ಅದು, ಬಾಯಿಟ್ಟೇ ಕುಡಿಯಬೇಕು. ಅವ್ವ ಮೊದಲು ಅಭ್ಯಾಸಬಲದಿಂದ ಬಗ್ಗಿ ಬೊಗಸೆಯೊಡ್ಡಿದಳು. ಮೊಮ್ಮಗಳು ಆ ಕೈಗಳನ್ನು ಬಿಡಿಸಿ ಗುಂಡಿ ಒತ್ತಿದಳು. ನೀರು ಮೇಲೆದ್ದು ಮುಖಕ್ಕೇ ತಾಕಿತು. ಅವ್ವ ಹೊಟ್ಟೆ ತುಂಬ ಕುಡಿದಳು.

ಸೆರಗಿನಿಂದ ಬಾಯೊರೆಸಿಕೊಂಡು ತಿರುಗಿದರೆ ಹಿಂದೆ ಉಮಾಪತಿಯವರು ನಿಂತಿದ್ದರು, ಮುಖವೆಲ್ಲ ಬೆವರು. ಅತ್ತ ಇತ್ತ ನೋಡಿದರು. ಬೇರೆ ನಲ್ಲಿ ಹತ್ತಿರದಲ್ಲಿ ಇರಲಿಲ್ಲ.

ಅವ್ವ ಪಕ್ಕಕ್ಕೆ ಸರಿದು, ತಾನೇ ಗುಂಡಿ ಒತ್ತಿ ಹಿಡಿದಳು. ನೀರು ಚಿಮ್ಮುತ್ತಲೇ ಇತ್ತು. ಉಮಾಪತಿಯವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ನೀರಿಗೆ ಬಗ್ಗಿದರು.