ಕ್ರಿಮಿ ಸಾಕಿದ ಪೆಟ್ಟಿಗೆ

ನಾನು ಕ್ರಿಮಿ ಸಾಕುವ ಪೆಟ್ಟಿಗೆ. ಹೇಸಬೇಡಿ, ಅದೇ ನನ್ನ ಉದ್ಯೋಗ. ಕಾರ್ಖಾನೆಯಲ್ಲಿ ತಗಡು ಬಡಿದು, ಒಳಗೆ ತಂತಿ ಸುತ್ತಿ, ಫಿಟ್ಟರ್ ಒಬ್ಬ ನನ್ನ ಮುಳ್ಳನ್ನು ಮೂವತ್ತೇಳು ಡಿಗ್ರಿಗೆ ನಿಲ್ಲಿಸಿದ ದಿನ ನಾನು ಹುಟ್ಟಿದೆ. ಮನುಷ್ಯರ ಮೈಬಿಸಿಯೂ ಅಷ್ಟೇ ಎಂದು ಅವನೇ ಹೇಳಿದ್ದ.

ಅದೇ ಲಾರಿಯಲ್ಲಿ ಗಾಜಿನ ಮೈಯವನೊಬ್ಬ ಬಂದ. ಇಬ್ಬರಿಗೂ ಇನ್‌ಕ್ಯುಬೇಟರ್ ಎಂದೇ ಹೆಸರು. ಜಿಲ್ಲಾಸ್ಪತ್ರೆಯಲ್ಲಿ ಅವನನ್ನು ಮಹಡಿಗೆ, ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿಗೆ ಒಯ್ದರು. ನನ್ನನ್ನು ಕೆಳಗಿನ ಲ್ಯಾಬಿಗೆ ತಳ್ಳಿದರು. ಅವನ ಮಡಿಲಿಗೆ ಕೂಸು, ನನ್ನ ಮಡಿಲಿಗೆ ಕೂಸಿನ ಮೂಗಿನ ಕಸ. ಹೊಟ್ಟೆಕಿಚ್ಚು ಆಗದೆ ಇರುತ್ತದೆಯೇ? ಒಂದೇ ಒಂದು ಕೂಸನ್ನು ಬೆಚ್ಚಗಿಟ್ಟುಕೊಳ್ಳುವ ಆಸೆ ನನ್ನನ್ನು ಬಿಟ್ಟದ್ದೇ ಇಲ್ಲ.

ನನ್ನನ್ನು ನೋಡಿಕೊಂಡವಳು ಟೆಕ್ನಿಷಿಯನ್ ನೀಲಕ್ಕ. ಪ್ರತಿ ಸೋಮವಾರ ನರ್ಸುಗಳು ಎಲ್ಲ ಕೂಸುಗಳ ಮೂಗಿಗೆ ಹತ್ತಿಕಡ್ಡಿ ಮುಟ್ಟಿಸಿ ತರುತ್ತಿದ್ದರು. ಅವಳು ಅದನ್ನು ಕ್ರಿಮಿಗೆ ಮೇವು ತುಂಬಿದ ಕೆಂಪು ಪ್ಲೇಟಿನ ಮೇಲೆ ಗೀರಿ ನನ್ನೊಳಗೆ ಇಡುತ್ತಿದ್ದಳು. ಮರುದಿನ ಏನೂ ಬೆಳೆಯದಿದ್ದರೆ ಕೂಸು ಚೊಕ್ಕ. ಔಷಧಿಗೆ ಜಗ್ಗದ ಕ್ರಿಮಿ ಕಂಡರೆ ಕೂಸಿಗೆ ಬೇರೆ ಕೋಣೆ, ತಾಯಿ ಎದೆಗವಚಿಕೊಳ್ಳುವಂತಿಲ್ಲ. ಅದು ನಮ್ಮ ಆಸ್ಪತ್ರೆಯ ಕಟ್ಟಳೆ.

ಹೊಸದಾಗಿ ಬಂದ ಮೇಲಧಿಕಾರಿ ಹುಲಕೋಟಿ ಸಾಹೇಬರಿಗೆ ಇದು ದಂಡವೆನಿಸಿತು. "ನೂರು ಪ್ಲೇಟಿನ್ಯಾಗ ಮೂರರಾಗ ಕ್ರಿಮಿ. ಬೆಟ್ಟಾ ಅಗದು ಇಲಿ ಹಿಡದಂಗಾತು. ನಿಲ್ಸಿಬಿಡ್ರಿ."

"ಆ ಮೂರು ಬಿಟ್ರ ಮೂವತ್ತಕ್ಕ ಹತ್ತತೈತ್ರಿ ಸರ್," ಅಂದಳು ನೀಲಕ್ಕ. "ಆಮ್ಯಾಲೆ ಇಂಜೆಕ್ಷನ್ ಖರ್ಚು ಕೇಳಬ್ಯಾಡ್ರಿ."

ಕೊನೆಗೆ ರಾಜಿಯಾಯಿತು: ನಾಲ್ಕು ಕೂಸಿಗೆ ಒಂದೇ ಪ್ಲೇಟು. ತಳದಲ್ಲಿ ಗೆರೆ ಎಳೆದು ನಾಲ್ಕು ಪಾಲು, ಮೊದಲ ಪಾಲಿಗೊಂದು ಚುಕ್ಕಿ. ಹೆಸರನ್ನೂ ತಳದಲ್ಲೇ ಬರೆಯಬೇಕು. ಆದರೆ ಕೆಂಪು ತಳದಲ್ಲಿ ಕರಿ ಶಾಯಿಯ ಸಣ್ಣ ಅಕ್ಷರ ಕಾಣುವುದಿಲ್ಲವೆಂದು ನೀಲಕ್ಕ ಹೆಸರುಗಳನ್ನು ಮುಚ್ಚಳದ ಮೇಲೆ ಬರೆದಳು. ಅಂದು ಅವಸರದಲ್ಲಿ ಒಂದು ಮುಚ್ಚಳ ಕಾಲು ಸುತ್ತು ತಿರುಗಿ ಕೂತಿತು. ನಾನು ನೋಡಿದೆ. ಬಾಯಿದ್ದರಲ್ಲವೇ ಹೇಳುವುದು!

ಮರುದಿನ ಒಂದು ಪಾಲಿನಲ್ಲಿ ಕ್ರಿಮಿ. ಅದರ ಮೇಲಿದ್ದ ಹೆಸರು "ದ್ಯಾಮವ್ವನ ಕೂಸು". ಒಂದು ಕಿಲೋ ತೂಗದ ಹೆಣ್ಣುಮಗು. ಹುಟ್ಟಿದಾಗಿನಿಂದ ಗಾಜಿನಾಚೆಯಿಂದ ನೋಡುತ್ತಿದ್ದ ದ್ಯಾಮವ್ವನಿಗೆ, ಅಂದೇ ಮೊದಲ ಸಲ ಮಗಳನ್ನು ಎದೆಗೆ ಕೊಡುತ್ತೇವೆ ಎಂದು ನರ್ಸ್ ಹೇಳಿದ್ದಳು. ಕೊಡಲಿಲ್ಲ.

ದಿನಾ ಅವಳು ಲ್ಯಾಬಿನ ಬಾಗಿಲಿಗೆ ಬರುತ್ತಿದ್ದಳು. ಹಾಲು ಸೋರಿ ಕುಪ್ಪಸ ಒದ್ದೆ.

"ಅಕ್ಕಾರ, ಇವತ್ತರ ಬಂತೇನ್ರಿ ರಿಪೋರ್ಟು?"

"ವಾರ ಆಗ್ಲಿ ತಂಗಿ. ಮತ್ತ ಟೆಸ್ಟ್ ಮಾಡ್ತೀವಿ."

ಅವಳು ಒಮ್ಮೆ ಸುಮ್ಮನೆ ನನ್ನ ಮೈಗೆ ಅಂಗೈ ಇಟ್ಟಳು. "ಇದು ಬೆಚ್ಚಗೈತಲ್ರಿ," ಅಂದಳು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮರುಪರೀಕ್ಷೆಗೆ ನೀಲಕ್ಕ ಆ ಕೂಸೊಂದಕ್ಕೇ ಇಡೀ ಪ್ಲೇಟು ಬಳಸಿದಳು. ಎಂಟನೆಯ ದಿನ ನೋಡಿದರೆ ಏನೂ ಬೆಳೆದಿರಲಿಲ್ಲ. ಅನುಮಾನ ಬಂದು ಫ್ರಿಜ್ಜಿನಿಂದ ಹಳೆಯ ಪ್ಲೇಟು ತೆಗೆದಳು. ಚುಕ್ಕಿ ಒಂದು ಕಡೆ, ಮೊದಲ ಹೆಸರು ಇನ್ನೊಂದು ಕಡೆ. ಮುಚ್ಚಳವನ್ನು ಚುಕ್ಕಿಗೆ ಸರಿಯಾಗಿ ತಿರುಗಿಸಿ ನೋಡಿದಳು. ಕ್ರಿಮಿ ಇದ್ದದ್ದು ಪಕ್ಕದ ಪಾಲಿನ ಕೂಸಿಗೆ. ಅದನ್ನು ಅಷ್ಟೂ ದಿನ ಎಲ್ಲರ ನಡುವೆಯೇ ಇಟ್ಟಿದ್ದರು. ಬೇರೆ ಯಾರಿಗೂ ಹರಡದೆ ಇದ್ದದ್ದು ಪುಣ್ಯ.

ಬಾಗಿಲಲ್ಲಿ ನಿಂತಿದ್ದ ದ್ಯಾಮವ್ವನಿಗೆ ನೀಲಕ್ಕ ಎಲ್ಲ ಹೇಳಿದಳು. "ತಪ್ಪು ನಂದು ತಂಗಿ. ಬೈಯ್ಯಿ."

ಅವಳು ಬೈಯಲಿಲ್ಲ. "ಈಗ ಕೊಡ್ತಾರೇನ್ರಿ?" ಎಂದು ಕೇಳಿದವಳೇ ಮೆಟ್ಟಿಲ ಕಡೆ ಓಡಿದಳು.

ಅಂದಿನಿಂದ ಹೆಸರು ತಳಕ್ಕೆ ಇಳಿಯಿತು, ಬಿಳಿ ಪಟ್ಟಿ ಅಂಟಿಸಿ. ಸಾಹೇಬರು ಉಳಿತಾಯದ ವರದಿ ಕಳಿಸಿದರು. "ಆ ಎಂಟು ದಿನ ಯಾವ ಕಾಲಮ್ಮಿನ್ಯಾಗ ಬರೀಲ್ರಿ ಸರ್?" ಎಂದು ನೀಲಕ್ಕ ಕೇಳಿದಳು. ಅವರು ಕನ್ನಡಕ ಒರೆಸಿಕೊಂಡರು.

ಈಗ ನನ್ನ ತಂತಿ ಸುಟ್ಟಿದೆ. ಉಗ್ರಾಣದಲ್ಲಿ ಹಳೆಯ ಫೈಲು ಹೊತ್ತು ಕೂತಿದ್ದೇನೆ. ಪರೀಕ್ಷೆ ದಂಡವೆಂದು ನಾನು ಹೇಳಲಾರೆ. ಎಷ್ಟೋ ಕೂಸುಗಳು ಅದರಿಂದಲೇ ಬದುಕಿದವು. ಆದರೂ ಆ ತಾಯಿಯನ್ನು ನೆನೆದರೆ ಜೀವ ಹಿಂಡುತ್ತದೆ.

ಮೊನ್ನೆ ನೀಲಕ್ಕ ಇಲ್ಲಿ ಫೈಲು ಹುಡುಕುತ್ತ, ಹೊಸ ಟೆಕ್ನಿಷಿಯನ್‌ಗೆ ಹೇಳುತ್ತಿದ್ದಳು: ಸಂತೆಯಲ್ಲಿ ದ್ಯಾಮವ್ವ ಸಿಕ್ಕಿದ್ದಳಂತೆ. ಎರಡನೇ ಇಯತ್ತೆ ಓದುವ ಮಗಳನ್ನು ಸೊಂಟದ ಮೇಲೆ ಹೊತ್ತಿದ್ದಳಂತೆ. ಹುಡುಗಿಯ ಕಾಲುಗಳು ತಾಯಿಯ ಮೊಣಕಾಲಿಗೆ ಬಡಿಯುತ್ತಿದ್ದವಂತೆ. "ಇಳಿಸು, ಇಷ್ಟು ದೊಡ್ಡಾಕಿ ಆಗ್ಯಾಳ," ಎಂದಳಂತೆ ನೀಲಕ್ಕ.

"ಇಳಸ್ತೀನ್ರಿ ಅಕ್ಕಾರ," ಎಂದಳಂತೆ ದ್ಯಾಮವ್ವ. "ಇನ್ನಾ ಎಂಟು ದಿನ ಬಾಕಿ ಐತಿ."